ಮತ್ತೆ ಕಟ್ಟಬಲ್ಲ ತಂತ್ರಾಂಶ



ಇಂದು ನಾನು ಆರಿಸಿಕೊಂಡಿರುವ ವಿಷಯ ವೇದಿಕೆಗೆ ಅಪರೂಪವಾಗಿ ಬರುವಂಥದ್ದು. ಹೊಸ ತಂತ್ರಾಂಶ ಬರೆದವರನ್ನು ನಾವು ಸನ್ಮಾನಿಸುತ್ತೇವೆ. ಆ ಬರಹವನ್ನು ಯಂತ್ರದ ಭಾಷೆಗೆ ಇಳಿಸುವ ಸಾಧನಗಳನ್ನೂ, ಇಳಿಸಿದ್ದು ಸರಿಯಿದೆಯೇ ಎಂದು ನೋಡುವ ಪರೀಕ್ಷೆಗಳನ್ನೂ ವರ್ಷಗಟ್ಟಲೆ ಕಾಪಾಡಿಕೊಂಡು ಬರುವವರ ಹೆಸರು ಯಾರ ಬಾಯಲ್ಲೂ ಬರುವುದಿಲ್ಲ. ನನ್ನ ವಾದವನ್ನು ಆರಂಭದಲ್ಲೇ ಹೇಳಿಬಿಡುತ್ತೇನೆ. ಇಪ್ಪತ್ತು ವರ್ಷಗಳ ಮೇಲೂ ಮೂಲದಿಂದ ಮತ್ತೆ ಕಟ್ಟಲು ಬರುವ, ಕಟ್ಟಿದ ಮೇಲೆ ಸರಿಯೆಂದು ಮತ್ತೆ ತೋರಿಸಲು ಬರುವ ತಂತ್ರಾಂಶಕ್ಕೆ ಮಾತ್ರ ಆಯುಷ್ಯವಿದೆ. ಆದ್ದರಿಂದ ಬಿಲ್ಡ್ ಸಾಧನಗಳ ಮತ್ತು ಪರೀಕ್ಷೆಗಳ ಪಾಲನೆ ಮೊದಲ ದರ್ಜೆಯ ಎಂಜಿನಿಯರಿಂಗ್ ಕೆಲಸ.

ಈ ಮಾತನ್ನು ಎಂಬೆಡೆಡ್ ವ್ಯವಸ್ಥೆಗಳ ಮೂಲಕ ವಿವರಿಸುತ್ತೇನೆ. ಎಂಬೆಡೆಡ್ ಎಂದರೆ ಇನ್ನೊಂದು ಉಪಕರಣದ ಹೊಟ್ಟೆಯೊಳಗೆ ಕೂತಿರುವ ಕಂಪ್ಯೂಟರ್. ಕಾರಿನ ಬ್ರೇಕಿನಲ್ಲಿ, ಆಸ್ಪತ್ರೆಯಲ್ಲಿ ರೋಗಿಯ ರಕ್ತನಾಳಕ್ಕೆ ಔಷಧ ಹರಿಸುವ ಪಂಪಿನಲ್ಲಿ, ಮನೆಯ ವಿದ್ಯುತ್ ಮೀಟರಿನಲ್ಲಿ, ಉಪಗ್ರಹದಲ್ಲಿ ಅದು ಇದೆ. ಅದಕ್ಕೆ ಸಾಮಾನ್ಯವಾಗಿ ಕೀಬೋರ್ಡ್ ಇರುವುದಿಲ್ಲ, ಎದುರಿಗೆ ಕೂತು ನೋಡಿಕೊಳ್ಳುವ ಬಳಕೆದಾರನೂ ಇರುವುದಿಲ್ಲ. ಇಂಥ ಹಲವು ಕಂಪ್ಯೂಟರ್‌ಗಳಲ್ಲಿ ಆಪರೇಟಿಂಗ್ ಸಿಸ್ಟಂ ಕೊಡುವ ಉತ್ತರ ಸರಿಯಾಗಿದ್ದರೆ ಸಾಲದು. ಹೊತ್ತಿಗೆ ಸರಿಯಾಗಿಯೂ ಬರಬೇಕು. ತಡವಾಗಿ ಬಂದ ಸರಿಯುತ್ತರ ಅಲ್ಲಿ ತಪ್ಪುತ್ತರವೇ. ಇದನ್ನು ರಿಯಲ್-ಟೈಮ್ ಎನ್ನುತ್ತಾರೆ.

ಇಂಥ ಒಂದು ವ್ಯವಸ್ಥೆಯನ್ನೇ ಹಿಡಿದುಕೊಂಡು ಮಾತು ಮುಂದುವರಿಸುತ್ತೇನೆ. ಅದರ ಹೆಸರು ಆರ್‌ಟೆಮ್ಸ್. 1980ರ ದಶಕದ ಕೊನೆಯಲ್ಲಿ ಅಮೆರಿಕದ ಅಲಬಾಮ ರಾಜ್ಯದ ಹಂಟ್ಸ್‌ವಿಲ್‌ನಲ್ಲಿ, ಅಲ್ಲಿನ ಸೇನೆಯ ಕ್ಷಿಪಣಿ ವಿಭಾಗಕ್ಕಾಗಿ ಅದರ ಕೆಲಸ ಶುರುವಾಯಿತು. ಹೆಸರಿನಲ್ಲಿರುವ 'ಎಮ್' ಮೊದಲು ಮಿಸೈಲ್ ಆಗಿತ್ತು, ಆಮೇಲೆ ಮಿಲಿಟರಿ ಆಯಿತು, ಕೊನೆಗೆ ಮಲ್ಟಿಪ್ರೊಸೆಸರ್ ಆಯಿತು. ಇಂದು ಅದು ಯಾರು ಬೇಕಾದರೂ ಪಡೆದು, ಓದಿ, ತಿದ್ದಬಹುದಾದ ಮುಕ್ತ ತಂತ್ರಾಂಶ. 2006ರ ಮಾರ್ಚ್‌ನಿಂದ ಮಂಗಳವನ್ನು ಸುತ್ತುತ್ತಿರುವ ಮಾರ್ಸ್ ರೆಕಾನಸೆನ್ಸ್ ಆರ್ಬಿಟರ್‌ನಲ್ಲಿ ಇಲೆಕ್ಟ್ರಾ ಎಂಬ ರೇಡಿಯೊ ಇದೆ. ಮಂಗಳದ ನೆಲದ ಮೇಲಿರುವ ರೋವರ್‌ಗಳ ಮಾಹಿತಿಯನ್ನು ಭೂಮಿಗೆ ದಾಟಿಸುವ ಆ ರೇಡಿಯೊದೊಳಗೆ ಆರ್‌ಟೆಮ್ಸ್ ಓಡುತ್ತದೆ. ಕಣ ವೇಗವರ್ಧಕಗಳನ್ನು ನಿಯಂತ್ರಿಸುವ ಎಪಿಕ್ಸ್ ತಂತ್ರಾಂಶವೂ ಆರ್‌ಟೆಮ್ಸ್ ಮೇಲೆ ಕೆಲಸ ಮಾಡುತ್ತದೆ. ಅಂತೂ ಬದಲಿಸಲು ಸುಲಭವಲ್ಲದ ಜಾಗಗಳಲ್ಲಿ, ದೀರ್ಘಕಾಲ ಕೆಲಸ ಮಾಡಬೇಕಾದ ಯಂತ್ರಗಳಲ್ಲಿ ಅದಕ್ಕೆ ಸ್ಥಾನ ಸಿಕ್ಕಿದೆ.

ಇಂಥ ವ್ಯವಸ್ಥೆಯನ್ನು ಕಟ್ಟುವುದು ಹೇಗೆ? ನಮ್ಮ ಮೇಜಿನ ಮೇಲಿನ ಕಂಪ್ಯೂಟರಿನ ಪ್ರೊಸೆಸರ್ ಒಂದು ಜಾತಿಯದು, ಉಪಗ್ರಹದ ಪ್ರೊಸೆಸರ್ ಇನ್ನೊಂದು ಜಾತಿಯದು. ಇಲ್ಲಿ ಕೂತು ಅಲ್ಲಿಗೆ ಬೇಕಾದ ಯಂತ್ರಸಂಕೇತ ತಯಾರಿಸಬೇಕು. ಇದಕ್ಕೆ ಕ್ರಾಸ್-ಕಂಪೈಲರ್ ಬೇಕು. ಕಂಪೈಲರ್ ಒಂದೇ ಸಾಲದು; ತುಣುಕುಗಳನ್ನು ಜೋಡಿಸುವ ಲಿಂಕರ್, ಸಿ ಭಾಷೆಯ ಮೂಲ ಲೈಬ್ರರಿ, ದೋಷ ಹುಡುಕುವ ಡಿಬಗ್ಗರ್ ಎಲ್ಲವೂ ಬೇಕು. ಒಟ್ಟಾಗಿ ಇವನ್ನು ಟೂಲ್‌ಚೈನ್ ಎನ್ನುತ್ತೇವೆ. ಆರ್‌ಟೆಮ್ಸ್‌ನಲ್ಲಿ ಇವು ಕ್ರಮವಾಗಿ ಜಿಸಿಸಿ, ಬಿನ್‌ಯುಟಿಲ್ಸ್, ನ್ಯೂಲಿಬ್ ಮತ್ತು ಜಿಡಿಬಿ. ನಾಲ್ಕೂ ಬೇರೆ ಬೇರೆ ಬಳಗಗಳು ಬೆಳೆಸುವ ತಂತ್ರಾಂಶಗಳು. ನಾಲ್ಕರ ಯಾವ ಆವೃತ್ತಿಗಳು ಒಂದಕ್ಕೊಂದು ಹೊಂದುತ್ತವೆ, ಯಾವುದಕ್ಕೆ ಯಾವ ಪ್ಯಾಚ್ ಹಚ್ಚಬೇಕು ಎಂಬ ತಿಳಿವಳಿಕೆ ಒಬ್ಬಿಬ್ಬರ ತಲೆಯಲ್ಲಿ ಮಾತ್ರ ಇದ್ದರೆ, ಅವರು ಹೋದ ದಿನ ಆ ತಿಳಿವಳಿಕೆಯೂ ಹೋಗುತ್ತದೆ.

ಆ ತಿಳಿವಳಿಕೆಯನ್ನು ಬರಹಕ್ಕಿಳಿಸಲು ಆರ್‌ಟೆಮ್ಸ್ ಬಳಗ ಸೋರ್ಸ್ ಬಿಲ್ಡರ್ ಎಂಬ ಸಾಧನವನ್ನು ಬೆಳೆಸಿತು. ಅದರ ಕಡತಗಳಲ್ಲಿ ಪ್ರತಿಯೊಂದು ಸಾಧನದ ಆವೃತ್ತಿ, ಮೂಲ ಸಿಗುವ ಸ್ಥಳ, ಹಚ್ಚಬೇಕಾದ ಪ್ಯಾಚ್‌ಗಳು, ಇಳಿಸಿಕೊಂಡ ಕಡತದ ಗುರುತಾಗಿ ಲೆಕ್ಕ ಹಾಕಿದ ಹ್ಯಾಶ್ ಮೊತ್ತ ಎಲ್ಲವೂ ಬರೆದಿರುತ್ತವೆ. ಹ್ಯಾಶ್ ಹೊಂದದಿದ್ದರೆ ಆ ಕಡತವನ್ನು ಬಳಸುವುದಿಲ್ಲ. ಒಂದೇ ಆದೇಶ ಕೊಟ್ಟರೆ ಸಾಕು, ಮೂಲದಿಂದ ಇಡೀ ಟೂಲ್‌ಚೈನ್ ತಯಾರಾಗುತ್ತದೆ. ತಯಾರಾದ ಕಂಪೈಲರಿನ ಹೆಸರಿನಲ್ಲೇ ಪ್ರೊಸೆಸರಿನ ಜಾತಿಯೂ ಆಪರೇಟಿಂಗ್ ಸಿಸ್ಟಂನ ಆವೃತ್ತಿಯೂ ಸೇರಿರುತ್ತವೆ. ಉದಾಹರಣೆಗೆ, ಸ್ಪಾರ್ಕ್-ಆರ್‌ಟೆಮ್ಸ್6-ಜಿಸಿಸಿ. ಐದನೆಯ ಆವೃತ್ತಿಯ ಸಾಧನ ಆರನೆಯ ಆವೃತ್ತಿಯ ಕೆಲಸಕ್ಕೆ ತಪ್ಪಿ ಹೋಗದಿರಲಿ ಎಂಬ ಎಚ್ಚರ ಅದು.

ಒಮ್ಮೆ ಬರೆದಿಟ್ಟರೆ ಮುಗಿಯಿತಲ್ಲ, ಪಾಲನೆ ಯಾಕೆ ಎಂದು ಯಾರಾದರೂ ಕೇಳಬಹುದು. ನಾವು ನಿಂತಲ್ಲೇ ನಿಂತರೂ ಸುತ್ತಲಿನದು ನಿಲ್ಲುವುದಿಲ್ಲ. 2020ರಲ್ಲಿ ಬಂದ ಜಿಸಿಸಿ 10 ತನ್ನ ಒಂದು ಪೂರ್ವನಿಯೋಜಿತ ಆಯ್ಕೆಯನ್ನು ಬದಲಿಸಿತು. ಅದುವರೆಗೆ ಒಂದೇ ಹೆಸರಿನ ಜಾಗತಿಕ ಚರವನ್ನು ಎರಡು ಕಡತಗಳಲ್ಲಿ ಘೋಷಿಸಿದರೂ ಲಿಂಕರ್ ಸುಮ್ಮನೆ ಒಂದುಗೂಡಿಸುತ್ತಿತ್ತು. ಅಂದಿನಿಂದ ದೋಷವೆಂದು ನಿಲ್ಲಿಸತೊಡಗಿತು. 2024ರ ಜಿಸಿಸಿ 14, ಘೋಷಿಸದೇ ಕರೆದ ಫಂಕ್ಷನ್‌ಗಳನ್ನು ಎಚ್ಚರಿಕೆಯ ಪಟ್ಟಿಯಿಂದ ದೋಷದ ಪಟ್ಟಿಗೆ ಸೇರಿಸಿತು. ಎರಡೂ ಒಳ್ಳೆಯ ಬದಲಾವಣೆಗಳೇ. ಆದರೆ ವರ್ಷಗಳಿಂದ ತಕರಾರಿಲ್ಲದೆ ಕಟ್ಟುತ್ತಿದ್ದ ಎಷ್ಟೋ ತಂತ್ರಾಂಶಗಳು ಒಂದು ಅಕ್ಷರವೂ ಬದಲಾಗದೆ ಕಟ್ಟದಂತಾದವು. 2020ರ ಜನವರಿ 1ಕ್ಕೆ ಪೈಥಾನ್ 2ರ ಅಧಿಕೃತ ಬೆಂಬಲ ಮುಗಿಯಿತು. ಅದರಲ್ಲಿ ಬರೆದಿದ್ದ ಬಿಲ್ಡ್ ಸ್ಕ್ರಿಪ್ಟ್‌ಗಳನ್ನೆಲ್ಲ ತಿದ್ದಬೇಕಾಯಿತು. ಪವರ್‌ಪಿಸಿ ಪ್ರೊಸೆಸರಿನ ಎಸ್‌ಪಿಇ ಎಂಬ ಒಂದು ಬಗೆಯನ್ನು ಜಿಸಿಸಿ 9ರಲ್ಲಿ ಕೈಬಿಡಲಾಯಿತು. ಅದರ ಪಾಲನೆಗೆ ಕೈಗಳು ಸಾಲಲಿಲ್ಲ. ಆ ಚಿಪ್ ಇರುವ ಬೋರ್ಡ್‌ಗಳು ಎಲ್ಲೆಲ್ಲಿ ಕೆಲಸ ಮಾಡುತ್ತಿವೆಯೋ ಅಲ್ಲಿಯವರು ಇನ್ನು ಹಳೆಯ ಕಂಪೈಲರನ್ನೇ ನೆಚ್ಚಬೇಕು.

ಹಾಗಾದರೆ ಹಳೆಯದನ್ನೇ ಬೀಗ ಹಾಕಿ ಇಟ್ಟುಕೊಳ್ಳೋಣ ಎನ್ನುವವರಿದ್ದಾರೆ. ಕೆಲವೊಮ್ಮೆ ಅದು ಸರಿಯಾದ ನಿರ್ಧಾರವೂ ಹೌದು. ಆದರೆ ಹಳೆಯ ಕಂಪೈಲರ್ ಓಡಲು ಹಳೆಯ ಕಂಪ್ಯೂಟರ್ ಪರಿಸರ ಬೇಕು, ಅದನ್ನೂ ಕಾಪಾಡಬೇಕು. ಹಾಗೇ ಇಟ್ಟದ್ದೂ ಒಂದು ದಿನ ಕೆಡಬಹುದು ಎಂಬುದಕ್ಕೆ 2038ರ ಜನವರಿ 19ನ್ನು ನೆನೆಯಿರಿ. 1970ರ ಆರಂಭದಿಂದ ಸೆಕೆಂಡುಗಳನ್ನು ಎಣಿಸುವ 32 ಬಿಟ್‌ಗಳ ಗಡಿಯಾರಗಳು ಅಂದು ಜಾಗತಿಕ ಕಾಲಮಾನದ ಪ್ರಕಾರ ಬೆಳಗಿನ 3 ಗಂಟೆ 14 ನಿಮಿಷ 7 ಸೆಕೆಂಡಿಗೆ ತುಂಬಿ, ಮುಂದಿನ ಸೆಕೆಂಡಿಗೆ ಋಣ ಸಂಖ್ಯೆಗೆ ಬೀಳುತ್ತವೆ. ಪರಿಹಾರ ಎಲ್ಲರಿಗೂ ಗೊತ್ತು: ಎಣಿಕೆಯನ್ನು 64 ಬಿಟ್‌ಗೆ ಹಿಗ್ಗಿಸಿ ಎಲ್ಲವನ್ನೂ ಮತ್ತೆ ಕಂಪೈಲ್ ಮಾಡುವುದು. ಆ ಕೊನೆಯ ಮಾತಿನಲ್ಲೇ ತೊಡಕಿರುವುದು. ಮತ್ತೆ ಕಂಪೈಲ್ ಮಾಡುವ ಶಕ್ತಿಯನ್ನು ಉಳಿಸಿಕೊಂಡವರಿಗೆ ಮಾತ್ರ ಆ ಪರಿಹಾರ ದಕ್ಕುತ್ತದೆ.

ಆರ್‌ಟೆಮ್ಸ್ ತನ್ನ ಬಿಲ್ಡ್ ವ್ಯವಸ್ಥೆಯನ್ನೇ ಬದಲಿಸಿಕೊಂಡ ಕಥೆಯಿಂದಲೂ ಕಲಿಯುವುದಿದೆ. ಐದನೆಯ ಆವೃತ್ತಿಯವರೆಗೆ ಅದು ಆಟೋಕಾನ್ಫ್ ಮತ್ತು ಆಟೋಮೇಕ್ ಎಂಬ ಹಳೆಯ, ಹೆಸರಾಂತ ಸಾಧನಗಳ ಮೇಲೆ ನಿಂತಿತ್ತು. ಬೆಂಬಲಿಸುವ ಬೋರ್ಡ್‌ಗಳು ನೂರನ್ನು ದಾಟಿದಂತೆ ಬಿಲ್ಡ್ ಸ್ಕ್ರಿಪ್ಟ್‌ಗಳ ಕಾಡು ದಟ್ಟವಾಯಿತು. ಒಂದು ಕಡತ ಸೇರಿಸಲು ಎಲ್ಲೆಲ್ಲಿ ಕೈ ಹಾಕಬೇಕೆಂದು ಹೊಸಬರಿಗೆ ತಿಳಿಯುತ್ತಿರಲಿಲ್ಲ. ಆರನೆಯ ಆವೃತ್ತಿಗಾಗಿ ಬಳಗ ವಾಫ್ ಎಂಬ ಪೈಥಾನ್ ಸಾಧನಕ್ಕೆ ಹೊರಳಿತು. ಯಾವ ಬೋರ್ಡಿಗೆ ಯಾವ ಕಡತ, ಯಾವ ಆಯ್ಕೆ, ಯಾವ ಪರೀಕ್ಷೆ ಎಂಬುದನ್ನು ಸ್ಕ್ರಿಪ್ಟ್‌ನ ಒಳಗೆ ಹುದುಗಿಸದೆ, ಯಾಮಲ್ ಎಂಬ ಬಗೆಯ ಪಠ್ಯ ಕಡತಗಳಲ್ಲಿ ಸರಳ ವಿವರಗಳಾಗಿ ಬರೆದಿಟ್ಟಿತು. ಆ ಹೊಸ ಬಿಲ್ಡ್ ವ್ಯವಸ್ಥೆಯಿರುವ ಆರ್‌ಟೆಮ್ಸ್ ಆವೃತ್ತಿ 6.1 ಬಿಡುಗಡೆಯಾದದ್ದು 2025ರಲ್ಲಿ. ಬಳಸುವವರ ಕಣ್ಣಿಗೆ ಈ ಶ್ರಮದಿಂದ ಒಂದೂ ಹೊಸ ಸೌಲಭ್ಯ ಕಾಣುವುದಿಲ್ಲ. ಆದರೆ ಮುಂದೆ ಬರಲಿರುವ ಪ್ರತಿಯೊಂದು ಸೌಲಭ್ಯವೂ ಇದರ ಮೇಲೆಯೇ ನಿಲ್ಲುತ್ತದೆ.

ಇನ್ನು ಪರೀಕ್ಷೆಗಳ ವಿಚಾರ. ಆರ್‌ಟೆಮ್ಸ್‌ನಲ್ಲಿ ಆಪರೇಟಿಂಗ್ ಸಿಸ್ಟಂ ಬೇರೆ, ಅದರ ಮೇಲೆ ಓಡುವ ಪ್ರೋಗ್ರಾಂ ಬೇರೆ ಎಂಬ ಭೇದವಿಲ್ಲ. ಎರಡೂ ಸೇರಿ ಒಂದೇ ಕಡತವಾಗುತ್ತವೆ. ಹೀಗಾಗಿ ಅದರ ನೂರಾರು ಪರೀಕ್ಷೆಗಳಲ್ಲಿ ಪ್ರತಿಯೊಂದೂ ಆಪರೇಟಿಂಗ್ ಸಿಸ್ಟಮನ್ನು ಹೊತ್ತ ಸ್ವತಂತ್ರ ಪ್ರೋಗ್ರಾಂ. ಒಂದು ಪ್ರೊಸೆಸರಿನ ಪರೀಕ್ಷೆಗಳು, ಹಲವು ಕೋರ್‌ಗಳ ಪರೀಕ್ಷೆಗಳು, ಕಡತ ವ್ಯವಸ್ಥೆಯ ಪರೀಕ್ಷೆಗಳು, ಕಾಲ ಅಳೆಯುವ ಪರೀಕ್ಷೆಗಳು ಎಂದು ಅವುಗಳಲ್ಲಿ ಗುಂಪುಗಳಿವೆ. ಟಿಕರ್ ಎಂಬ ಪುಟ್ಟ ಮಾದರಿಯನ್ನು ನೋಡಿ. ಗಡಿಯಾರವನ್ನು 1988ರ ಡಿಸೆಂಬರ್ 31ರ ಬೆಳಗಿನ 9 ಗಂಟೆಗೆ ಇಟ್ಟು ಮೂರು ಕೆಲಸಗಳನ್ನು ಎಬ್ಬಿಸುತ್ತದೆ. ಒಂದು 5 ಸೆಕೆಂಡಿಗೊಮ್ಮೆ, ಇನ್ನೊಂದು 10 ಸೆಕೆಂಡಿಗೊಮ್ಮೆ, ಮತ್ತೊಂದು 15 ಸೆಕೆಂಡಿಗೊಮ್ಮೆ ಎದ್ದು ವೇಳೆಯನ್ನು ಮುದ್ರಿಸುತ್ತವೆ. ಅಷ್ಟು ಚಿಕ್ಕ ಪರೀಕ್ಷೆ ಮುಗಿಯುವ ಹೊತ್ತಿಗೆ ಹೊಸ ಬೋರ್ಡ್‌ನಲ್ಲಿ ಕಂಪೈಲರ್, ಲಿಂಕರ್, ಗಡಿಯಾರದ ಇಂಟರಪ್ಟ್, ಸರದಿ ನಿರ್ಧರಿಸುವ ಶೆಡ್ಯೂಲರ್, ಸೀರಿಯಲ್ ಪೋರ್ಟ್ ಎಲ್ಲವೂ ಜೀವಂತವಾಗಿವೆ ಎಂದು ಖಾತ್ರಿಯಾಗುತ್ತದೆ.

ಪರೀಕ್ಷೆ ಓಡಿದಾಗ ಮೊದಲು ಮುದ್ರಿಸುವುದು ಫಲಿತಾಂಶವನ್ನಲ್ಲ, ತನ್ನ ಗುರುತನ್ನು: ಯಾವ ಆವೃತ್ತಿ, ಯಾವ ಬಗೆಯ ಬಿಲ್ಡ್, ಯಾವ ಕಂಪೈಲರ್. ಪರೀಕ್ಷೆಗಳನ್ನು ಸಾಲಾಗಿ ಓಡಿಸಿ ಲೆಕ್ಕ ಬರೆಯುವ ಸಾಧನ ಈ ಗುರುತುಗಳನ್ನು ತಾಳೆ ನೋಡುತ್ತದೆ. ಉಳಿದ ಪರೀಕ್ಷೆಗಳ ಜೊತೆ ಬೇರೊಂದು ಕಂಪೈಲರಿನಲ್ಲಿ ಕಟ್ಟಿದ ಹಳೆಯ ಕಡತವೊಂದು ನುಸುಳಿದ್ದರೆ, ಅದನ್ನು ತೇರ್ಗಡೆ ಎಂದು ಎಣಿಸದೆ ತಪ್ಪು ಸಾಧನ ಎಂಬ ಬೇರೆ ಪಟ್ಟಿಗೆ ಹಾಕುತ್ತದೆ. ಇದು ನನಗೆ ಬಹಳ ಮೆಚ್ಚಿಕೆಯಾದ ವಿನ್ಯಾಸ. ಯಾವ ವಸ್ತುವನ್ನು ಪರೀಕ್ಷಿಸಿದೆವೆಂದು ಖಚಿತವಾಗಿ ಹೇಳಲಾಗದಿದ್ದರೆ, ತೇರ್ಗಡೆಯ ಫಲಿತಾಂಶಕ್ಕೆ ಬೆಲೆಯಿಲ್ಲ.

ತೇರ್ಗಡೆ, ಅನುತ್ತೀರ್ಣ ಎಂಬ ಎರಡೇ ಪಟ್ಟಿಗಳಿಂದಲೂ ಕೆಲಸ ಸಾಗುವುದಿಲ್ಲ. ಈ ಬೋರ್ಡ್‌ನಲ್ಲಿ ಸೋಲುವುದೆಂದು ಮೊದಲೇ ಗೊತ್ತಿರುವ ಪರೀಕ್ಷೆ, ಫಲ ಒಮ್ಮೊಮ್ಮೆ ಬದಲಾಗುವ ಪರೀಕ್ಷೆ, ಯಾರಾದರೂ ಕೀಲಿ ಒತ್ತಬೇಕಾದ ಪರೀಕ್ಷೆ, ವೇಳೆ ಮೀರಿದ ಪರೀಕ್ಷೆ, ಚಿಪ್‌ನ ಮೆಮೊರಿ ಸಾಲದೆ ಬಿಟ್ಟ ಪರೀಕ್ಷೆ ಎಂದು ಪ್ರತ್ಯೇಕವಾಗಿ ಬರೆದಿಡಬೇಕು. ಇದೊಂದು ಪ್ರಾಮಾಣಿಕ ಲೆಕ್ಕಪತ್ರ. ಸೋಲುವ ಪರೀಕ್ಷೆಯನ್ನು ಸದ್ದಿಲ್ಲದೆ ಅಳಿಸಿ ಎಲ್ಲವೂ ಹಸಿರು ಎಂದು ತೋರಿಸುವುದು ಸುಲಭ. ಇದು ಸೋಲುತ್ತದೆ, ಕಾರಣ ಇದು ಎಂದು ಬರೆದು ಆ ಸಾಲನ್ನು ವರ್ಷ ವರ್ಷವೂ ಮತ್ತೆ ನೋಡುವುದೇ ಪಾಲನೆ.

ಪರೀಕ್ಷೆಗಳನ್ನು ಓಡಿಸುವುದೆಲ್ಲಿ ಎಂಬುದೂ ಮುಖ್ಯ. ನೂರಾರು ಬೋರ್ಡ್‌ಗಳನ್ನು ಒಂದು ಕೋಣೆಯಲ್ಲಿ ಇಟ್ಟುಕೊಳ್ಳುವುದು ಯಾವ ಸಣ್ಣ ಬಳಗಕ್ಕೂ ಆಗುವುದಿಲ್ಲ. ಆದ್ದರಿಂದ ಬೋರ್ಡನ್ನು ತಂತ್ರಾಂಶದಲ್ಲೇ ಅನುಕರಿಸುವ ಸಿಮ್ಯುಲೇಟರ್‌ಗಳು ಬೇಕು. ಕ್ಯೂಎಮು ಎಂಬುದು ಹೆಚ್ಚು ಜನರಿಗೆ ಗೊತ್ತಿರುವ ಸಿಮ್ಯುಲೇಟರ್. ಬಾಹ್ಯಾಕಾಶದಲ್ಲಿ ಬಳಕೆಯಾಗುವ ಸ್ಪಾರ್ಕ್ ಜಾತಿಯ ಇಆರ್‌ಸಿ32, ಲಿಯಾನ್ ಪ್ರೊಸೆಸರ್‌ಗಳನ್ನು ಅನುಕರಿಸುವ ಸಿಸ್ ಎಂಬ ಸಿಮ್ಯುಲೇಟರ್ ಇನ್ನೊಂದು. ಲಾಜಿಕ್ ಸರಿಯೇ ಎಂದು ಸಿಮ್ಯುಲೇಟರ್ ಚೆನ್ನಾಗಿ ಹೇಳುತ್ತದೆ. ಕಾಲದ ವಿಷಯದಲ್ಲಿ ಅದರ ಮಾತನ್ನು ಪೂರ್ತಿ ನಂಬಲಾಗದು. ಹಲವು ಕೋರ್‌ಗಳು ಒಂದೇ ಕ್ಷಣಕ್ಕೆ ಒಂದೇ ಮೆಮೊರಿಗೆ ಕೈ ಹಾಕಿದಾಗ ಆಗುವ ಜಟಾಪಟಿ ನಿಜವಾದ ಬೋರ್ಡ್‌ನಲ್ಲೇ ಬಯಲಾಗುವುದು. ಎರಡರ ಫಲವನ್ನೂ ಅಕ್ಕಪಕ್ಕ ಇಟ್ಟು ಓದಬೇಕು.

ಫಲ ಬದಲಾಗುವ ಪರೀಕ್ಷೆಯನ್ನು ಉದಾಸೀನ ಮಾಡಿದರೆ ಏನಾಗುತ್ತದೆ ಎಂಬುದಕ್ಕೆ ಮಾರ್ಸ್ ಪಾಥ್‌ಫೈಂಡರ್‌ಗಿಂತ ಒಳ್ಳೆಯ ಪಾಠವಿಲ್ಲ. 1997ರ ಜುಲೈ 4ರಂದು ಅದು ಮಂಗಳದ ಮೇಲೆ ಇಳಿಯಿತು. ಅದರಲ್ಲಿದ್ದುದು ವಿಎಕ್ಸ್‌ವರ್ಕ್ಸ್ ಎಂಬ ಇನ್ನೊಂದು ರಿಯಲ್-ಟೈಮ್ ಆಪರೇಟಿಂಗ್ ಸಿಸ್ಟಂ. ಕೆಲವೇ ದಿನಗಳಲ್ಲಿ ಕಂಪ್ಯೂಟರ್ ತಾನಾಗಿ ರೀಸೆಟ್ ಆಗತೊಡಗಿತು. ಆದಾಗಲೆಲ್ಲ ಆ ದಿನದ ಉಳಿದ ಕೆಲಸ ಕೆಡುತ್ತಿತ್ತು. ಹವಾಮಾನ ಮಾಹಿತಿಯನ್ನು ಸಂಗ್ರಹಿಸುವ ಕೆಳ ಆದ್ಯತೆಯ ಕೆಲಸವೊಂದು ಒಂದು ಸಲಕ್ಕೆ ಒಂದೇ ಕೆಲಸಕ್ಕೆ ಸಿಗುವ ತಂತ್ರಾಂಶದ ಬೀಗವೊಂದನ್ನು ಹಿಡಿದಿದ್ದಾಗ, ಮಧ್ಯಮ ಆದ್ಯತೆಯ ಕೆಲಸಗಳು ಬಂದು ಅದನ್ನು ತಡೆಯುತ್ತಿದ್ದವು. ಅದೇ ಬೀಗಕ್ಕೆ ಕಾದಿದ್ದ, ಹೆಚ್ಚಿನ ಆದ್ಯತೆಯ, ಮಾಹಿತಿ ಸಾಗಿಸುವ ಬಸ್‌ನ ನಿರ್ವಹಣೆಯ ಕೆಲಸ ಹೊತ್ತಿಗೆ ಮುಗಿಯುತ್ತಿರಲಿಲ್ಲ. ಮುಗಿದಿಲ್ಲವೆಂದು ಕಂಡುಕೊಂಡ ಕಾವಲು ಕೆಲಸ ಕಂಪ್ಯೂಟರನ್ನು ರೀಸೆಟ್ ಮಾಡುತ್ತಿತ್ತು. ಬೀಗ ಹಿಡಿದವನಿಗೆ ಕಾಯುವವನ ಆದ್ಯತೆಯನ್ನು ತಾತ್ಕಾಲಿಕವಾಗಿ ಕೊಡುವ ಆಯ್ಕೆ ವಿಎಕ್ಸ್‌ವರ್ಕ್ಸ್‌ನಲ್ಲಿ ಇತ್ತು. ಆ ಬೀಗದ ಮಟ್ಟಿಗೆ ಅದು ಬಳಕೆಯಲ್ಲಿರಲಿಲ್ಲ.

ಇಳಿಯುವ ಮುಂಚೆ ಭೂಮಿಯ ಮೇಲಿನ ಪರೀಕ್ಷೆಗಳಲ್ಲೂ ಇಂಥ ರೀಸೆಟ್ ಕಾಣಿಸಿಕೊಂಡಿತ್ತು. ಬೇಕೆಂದಾಗ ಮತ್ತೆ ಮಾಡಿ ತೋರಿಸಲು ಆಗದ ಕಾರಣ, ಬೇರೆ ತುರ್ತುಗಳ ನಡುವೆ ಅದು ಹಿಂದೆ ಸರಿಯಿತು. ದೋಷ ಕೊನೆಗೆ ಸಿಕ್ಕಿದ್ದೂ ಪರೀಕ್ಷಾ ವ್ಯವಸ್ಥೆಯಿಂದಲೇ. ಭೂಮಿಯ ಮೇಲೆ ಅದೇ ನೌಕೆಯ ಪ್ರತಿರೂಪವಿತ್ತು, ಏನೇನು ನಡೆಯಿತೆಂದು ದಾಖಲಿಸುವ ಸೌಲಭ್ಯವಿತ್ತು. ಅದರಲ್ಲಿ ರೀಸೆಟ್ ಮರುಕಳಿಸುವವರೆಗೆ ಓಡಿಸಿ, ಕಾರಣ ಹಿಡಿದು, ಆ ಆಯ್ಕೆಯನ್ನು ಚಾಲೂ ಮಾಡುವ ತಿದ್ದುಪಡಿಯನ್ನು ಮಂಗಳಕ್ಕೆ ಕಳಿಸಿದರು. ತಿದ್ದುಪಡಿ ಚಿಕ್ಕದು, ಅದನ್ನು ಸಾಧ್ಯವಾಗಿಸಿದ್ದು ಹಾರಿಸಿದ ಮೇಲೂ ಜೋಪಾನವಾಗಿಟ್ಟಿದ್ದ ಪರೀಕ್ಷಾ ವ್ಯವಸ್ಥೆ.

ಎರಡನೆಯ ಪಾಠ ತೀರಾ ಇತ್ತೀಚಿನದು, ಭಯ ಹುಟ್ಟಿಸುವಂಥದ್ದು. 2024ರ ಮಾರ್ಚ್ 29ರಂದು ಆಂಡ್ರೆಸ್ ಫ್ರಾಯಿಂಡ್ ಎಂಬ ತಂತ್ರಾಂಶ ತಜ್ಞ ಒಂದು ಸಂಗತಿಯನ್ನು ಬಹಿರಂಗಪಡಿಸಿದರು. ಲಿನಕ್ಸ್ ಯಂತ್ರಕ್ಕೆ ದೂರದಿಂದ ಲಾಗಿನ್ ಆಗುವಾಗ ಸುಮಾರು ಅರ್ಧ ಸೆಕೆಂಡು ಹೆಚ್ಚು ಹಿಡಿಯುತ್ತಿದ್ದುದನ್ನು ಗಮನಿಸಿ ಬೆನ್ನುಹತ್ತಿದಾಗ, ಕಡತ ಕುಗ್ಗಿಸುವ ಎಕ್ಸ್‌ಜೆಡ್ ಎಂಬ ತಂತ್ರಾಂಶದ 5.6.0 ಮತ್ತು 5.6.1 ಆವೃತ್ತಿಗಳಲ್ಲಿ ಗುಟ್ಟಾಗಿ ಒಳನುಗ್ಗಲು ಇಟ್ಟ ಹಿಂಬಾಗಿಲು ಇರುವುದು ಕಂಡಿತು. ಅದನ್ನು ಎಲ್ಲಿ ಬಚ್ಚಿಟ್ಟಿದ್ದರು? ವಿಷವನ್ನು ಪರೀಕ್ಷೆಗೆಂದು ಇಟ್ಟಿದ್ದ, ಯಾರೂ ತೆರೆದು ಓದದ ದ್ವಿಮಾನ ಕಡತಗಳಲ್ಲಿ. ಅದನ್ನು ಹೊರತೆಗೆಯುವ ಕೀಲಿಯನ್ನು ಬಿಡುಗಡೆಯ ಕಟ್ಟಿನಲ್ಲಿ ಮಾತ್ರ ಇದ್ದ ಬಿಲ್ಡ್ ಸ್ಕ್ರಿಪ್ಟ್‌ನಲ್ಲಿ. ಎಲ್ಲರೂ ನೋಡುವ ಮೂಲ ಭಂಡಾರದಲ್ಲಿ ಆ ಸ್ಕ್ರಿಪ್ಟ್ ಇರಲಿಲ್ಲ. ಬೆಂಬಲವಿಲ್ಲದೆ ದಣಿದಿದ್ದ ಪಾಲಕರ ನಂಬಿಕೆಯನ್ನು ಎರಡು ವರ್ಷಗಳಿಗೂ ಹೆಚ್ಚು ಕಾಲ ಸಹಾಯ ಮಾಡುತ್ತಾ ಗಳಿಸಿದ ವ್ಯಕ್ತಿಯ ಹೆಸರಿನಲ್ಲಿ ಈ ಕೆಲಸ ನಡೆದಿತ್ತು.

ದಾಳಿಕೋರರು ಬಿಲ್ಡ್ ಸ್ಕ್ರಿಪ್ಟನ್ನೂ ಪರೀಕ್ಷಾ ಕಡತಗಳನ್ನೂ ಆರಿಸಿಕೊಂಡದ್ದು ಆಕಸ್ಮಿಕವಲ್ಲ. ನಾವು ಗೌರವ ಕೊಡದ ಜಾಗದಲ್ಲಿ ನಮ್ಮ ಕಾವಲೂ ಇರುವುದಿಲ್ಲ ಎಂದು ಅವರು ಚೆನ್ನಾಗಿ ಅರಿತಿದ್ದರು. ಇದಕ್ಕೆ ಉತ್ತರವೂ ಪಾಲನೆಯಲ್ಲೇ ಇದೆ. ಬಿಡುಗಡೆಯ ಕಟ್ಟು ಮೂಲ ಭಂಡಾರದಿಂದಲೇ ತಯಾರಾಗಬೇಕು. ಪರೀಕ್ಷೆಗೆ ಇಟ್ಟ ಪ್ರತಿ ದ್ವಿಮಾನ ಕಡತ ಹೇಗೆ ತಯಾರಾಯಿತೆಂದು ಬರೆದಿರಬೇಕು. ಒಂದೇ ಮೂಲದಿಂದ ಇಬ್ಬರು ಬೇರೆ ಬೇರೆ ಊರುಗಳಲ್ಲಿ ಕಟ್ಟಿದರೂ ಬಿಟ್‌ಗೆ ಬಿಟ್ ಅದೇ ಕಡತ ಬರಬೇಕು. ಈ ಕೊನೆಯದನ್ನು ಸಾಧಿಸಲು ಕಡತದೊಳಗೆ ಸೇರಿಕೊಳ್ಳುವ ಕಟ್ಟಿದ ದಿನಾಂಕ, ಕಟ್ಟಿದ ಫೋಲ್ಡರಿನ ಹೆಸರು, ಕಡತಗಳನ್ನು ಓದಿದ ಕ್ರಮ ಇಂಥ ಚಿಕ್ಕಪುಟ್ಟ ವ್ಯತ್ಯಾಸಗಳನ್ನು ಒಂದೊಂದಾಗಿ ಹುಡುಕಿ ತೆಗೆಯಬೇಕು. ಡೆಬಿಯನ್ ಎಂಬ ಲಿನಕ್ಸ್ ವ್ಯವಸ್ಥೆಯ ಬಳಗ ಹತ್ತು ವರ್ಷಗಳಿಗೂ ಹೆಚ್ಚು ಕಾಲದಿಂದ ಈ ಕೆಲಸದಲ್ಲಿ ತೊಡಗಿದೆ.

ಪಾಲನೆಗೆ ಸಂಪನ್ಮೂಲ ಕೊಡುವುದು ನಮ್ಮ ನಾಡಿಗೆ ಹೊಸ ಮಾತಲ್ಲ. ಕರ್ನಾಟಕದ ಶಾಸನಗಳಲ್ಲಿ ಕೆರೆ ಕಟ್ಟಿಸಿದವರ ಹೊಗಳಿಕೆ ಇರುವಂತೆಯೇ, ಕೆರೆಯ ಹೂಳೆತ್ತಲು, ಏರಿಯನ್ನು ಭದ್ರಪಡಿಸಲು ಭೂಮಿ ಬಿಟ್ಟ ಉಲ್ಲೇಖಗಳೂ ಇವೆ. ಕಟ್ಟುವುದಕ್ಕೊಂದು ಸಲದ ಖರ್ಚು, ಉಳಿಸುವುದಕ್ಕೆ ಪ್ರತಿವರ್ಷದ ಆದಾಯ ಎಂದು ಆ ದಾನಿಗಳು ತಿಳಿದಿದ್ದರು. ತಂತ್ರಾಂಶದ ಜಗತ್ತು ಈಗ ನಿಧಾನವಾಗಿ ಅದನ್ನು ಕಲಿಯುತ್ತಿದೆ. ಜಿಆರ್712ಆರ್‌ಸಿ, ಜಿಆರ್740 ಎಂಬ ಬಹುಕೋರ್ ಬಾಹ್ಯಾಕಾಶ ಪ್ರೊಸೆಸರ್‌ಗಳಿಗಾಗಿ ಆರ್‌ಟೆಮ್ಸ್‌ನ ಅಗತ್ಯಗಳನ್ನು ಒಂದೊಂದಾಗಿ ಬರೆದು, ಪ್ರತಿ ಅಗತ್ಯಕ್ಕೂ ಪರೀಕ್ಷೆ ಜೋಡಿಸುವ ಕೆಲಸಕ್ಕೆ ಯುರೋಪಿನ ಬಾಹ್ಯಾಕಾಶ ಸಂಸ್ಥೆ ಬೆಂಬಲ ಕೊಟ್ಟಿತು. ಆ ಪರೀಕ್ಷೆಗಳು ಎಲ್ಲರ ಬಳಕೆಗಾಗಿ ಮೂಲ ಭಂಡಾರಕ್ಕೇ ಸೇರಿದವು.

ನಮ್ಮ ಪಾಲು ಏನು? 1985ರಲ್ಲಿ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಬೆಂಗಳೂರಿನಲ್ಲಿ ಕೇಂದ್ರ ತೆರೆದ ಕಾಲದಿಂದ ಇಲ್ಲಿ ಚಿಪ್ ವಿನ್ಯಾಸವೂ ಎಂಬೆಡೆಡ್ ತಂತ್ರಾಂಶವೂ ಬೆಳೆದಿವೆ. ಎಂಬೆಡೆಡ್ ಕೆಲಸ ಮಾಡುವ ಕಂಪನಿಗಳು ಮುಕ್ತ ಟೂಲ್‌ಚೈನ್‌ಗಳನ್ನು ದಿನವೂ ಬಳಸುತ್ತವೆ. ಅಲ್ಲಿಯ ಎಂಜಿನಿಯರುಗಳು ತಮ್ಮೊಳಗೇ ತಿದ್ದಿಕೊಂಡ ಬಿಲ್ಡ್ ದೋಷಗಳನ್ನೂ ಬರೆದ ಪರೀಕ್ಷೆಗಳನ್ನೂ ಮೂಲ ಬಳಗಕ್ಕೆ ಮರಳಿಸಲಿ ಎಂದು ಆ ಕಂಪನಿಗಳನ್ನು ಕೇಳಿಕೊಳ್ಳುತ್ತೇನೆ. ಮರಳಿಸದ ತಿದ್ದುಪಡಿಯನ್ನು ಪ್ರತಿ ಹೊಸ ಆವೃತ್ತಿಗೂ ಮತ್ತೆ ಹಚ್ಚಬೇಕು; ಮರಳಿಸಿದ್ದನ್ನು ಎಲ್ಲರೂ ಸೇರಿ ಕಾಪಾಡುತ್ತಾರೆ.

ಅಧ್ಯಾಪಕರಲ್ಲಿ ಒಂದು ವಿನಂತಿ. ಅಂತಿಮ ವರ್ಷದ ಪ್ರಾಜೆಕ್ಟ್ ಎಂದರೆ ಹೊಸದೊಂದನ್ನು ಮಾಡಿ ತೋರಿಸಬೇಕು ಎಂಬ ನಿಯಮವನ್ನು ಸಡಿಲಿಸಿ. ಇರುವ ಪರೀಕ್ಷೆಯೊಂದು ಯಾಕೆ ಒಮ್ಮೊಮ್ಮೆ ಸೋಲುತ್ತದೆ ಎಂದು ಕಂಡುಹಿಡಿದ ವಿದ್ಯಾರ್ಥಿಗೂ ಪೂರ್ಣ ಅಂಕ ಕೊಡಿ. ಅದನ್ನು ಕಂಡುಹಿಡಿಯಲು ಅವನು ಪ್ರೊಸೆಸರ್, ಕಂಪೈಲರ್, ಕರ್ನಲ್ ಮೂರನ್ನೂ ಓದಿರಬೇಕಾಗುತ್ತದೆ.

ವಿದ್ಯಾರ್ಥಿಗಳೇ, ಆರ್‌ಟೆಮ್ಸ್ 2008ರಿಂದ ಹೊಸಬರನ್ನು ಮುಕ್ತ ತಂತ್ರಾಂಶದ ಕೆಲಸದಲ್ಲಿ ತೊಡಗಿಸುವ ಗೂಗಲ್ ಸಮ್ಮರ್ ಆಫ್ ಕೋಡ್‌ನಲ್ಲಿ ಪಾಲ್ಗೊಳ್ಳುತ್ತಾ ಬಂದಿದೆ. ಭಾರತದ ವಿದ್ಯಾರ್ಥಿಗಳೂ ಅದರಲ್ಲಿ ದುಡಿದಿದ್ದಾರೆ. ಅರ್ಜಿ ಹಾಕುವವರಿಗೆ ಅಲ್ಲಿ ಮೊದಲ ಷರತ್ತೇ ಇದು: ಟೂಲ್‌ಚೈನನ್ನು ಮೂಲದಿಂದ ನೀವೇ ಕಟ್ಟಿ, ಹಲೋ ಎಂಬ ಮಾದರಿ ಪ್ರೋಗ್ರಾಂ ಅನ್ನು ತುಸು ಬದಲಿಸಿ, ಸಿಮ್ಯುಲೇಟರ್‌ನಲ್ಲಿ ಓಡಿಸಿ ತೋರಿಸಿ. ಇದಕ್ಕೆ ಬೋರ್ಡ್ ಬೇಡ, ಶುಲ್ಕ ಬೇಡ, ಯಾರ ಶಿಫಾರಸೂ ಬೇಡ. ಒಂದು ಸಾಮಾನ್ಯ ಲ್ಯಾಪ್‌ಟಾಪು, ಇಂಟರ್‌ನೆಟ್ ಸಂಪರ್ಕ, ತಾಳ್ಮೆ ಇಷ್ಟಿದ್ದರೆ ಸಾಕು. ಈ ವಾರವೇ ಆ ಕೆಲಸಕ್ಕೆ ಕೈ ಹಾಕಿ. ಕಟ್ಟುವಾಗ ಎಲ್ಲಿ ಎಡವಿದಿರೋ ಅದನ್ನು ಬರೆದಿಟ್ಟು, ಸರಿಪಡಿಸಿ, ಆ ತಿದ್ದುಪಡಿಯನ್ನು ಬಳಗಕ್ಕೆ ಕಳುಹಿಸಿ. ನಿಮ್ಮ ನಂತರ ಬರುವವರು ಅಲ್ಲಿ ಎಡವದಂತೆ ನೋಡಿಕೊಳ್ಳುವುದೇ ಈ ವಿದ್ಯೆಯ ಮೊದಲ ಪಾಠ.